ಶಾಲೆಯ ಕೊನೇ ವಾರ: ಗೋಡೆ ಮೇಲೊಂದು ಹಾಳೆ, ಬಾಗಿಲ ಬಳಿ ಒಂದು ಚೀಲ

ರಾತ್ರಿ ಒಂಬತ್ತೂವರೆ. ದೀಪ ಆರಿಸಿ ಕೋಣೆಯಿಂದ ಹೊರಗೆ ಕಾಲಿಡುತ್ತಿದ್ದಂತೆ ಕತ್ತಲೊಳಗಿಂದ ಮಗಳ ದನಿ: ‘ಅಮ್ಮಾ, ನಾಳೆ ಬಿಳಿ ಅಂಗಿ ಹಾಕ್ಕೊಂಡು ಬರ್ಬೇಕಂತೆ.’ ಬಿಳಿ ಅಂಗಿ ಇರುವುದು ಒಗೆಯಲು ಹಾಕಿದ ಬಟ್ಟೆಗಳ ರಾಶಿಯ ತಳದಲ್ಲಿ. ಶಾಲೆಯ ವರ್ಷ ಮುಗಿಯುವ ವಾರದಲ್ಲಿ ಮಕ್ಕಳಿರುವ ಮನೆಗಳಲ್ಲಿ ಇಂಥದ್ದು ದಿನಕ್ಕೊಂದಾದರೂ ನಡೆಯುತ್ತದೆ.

ಆ ವಾರದ ಕೆಲಸಗಳನ್ನು ಬಿಡಿಬಿಡಿಯಾಗಿ ನೋಡಿದರೆ ಒಂದೂ ದೊಡ್ಡದಲ್ಲ. ಗ್ರಂಥಾಲಯದ ಪುಸ್ತಕ ವಾಪಸ್ ಕೊಡುವುದು, ಒಂದು ಫಾರಂಗೆ ಸಹಿ ಹಾಕುವುದು, ಒಂದು ಅಂಗಿ ಒಗೆಯುವುದು. ಕಷ್ಟವಿರುವುದು ಸುದ್ದಿ ಬರುವ ದಾರಿಯಲ್ಲಿ. ಡೈರಿಯಲ್ಲಿ ಒಂದು ಸಾಲು, ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೊಂದು, ಚೀಲದೊಳಗೆ ಮುದುರಿಹೋದ ಸುತ್ತೋಲೆ, ಮಗುವಿಗೆ ನಿದ್ದೆ ಹತ್ತುವಾಗ ನೆನಪಾಗುವ ಅರ್ಧ ಮಾತು. ಇವನ್ನೆಲ್ಲ ಒಂದು ಕಡೆ ತಂದರೆ ಧಾವಂತ ಬಹಳಷ್ಟು ಇಳಿಯುತ್ತದೆ. ಹಾಗೆ ಉಳಿದ ಹೊತ್ತು ಮಗುವಿಗೆ ಸಲ್ಲಬೇಕು. ನಮಗೆ ಕೆಲಸಗಳ ವಾರವಾಗಿರುವುದು ಅದಕ್ಕೆ ಬೀಳ್ಕೊಡುಗೆಯ ವಾರ.

ಮೊದಲು ಹಾಳೆ

ಕೊನೇ ವಾರ ಶುರುವಾಗುವ ಮುಂಚಿನ ರಜಾದಿನ ಅರ್ಧ ಗಂಟೆ ಎತ್ತಿಡಿ. ಡೈರಿ, ಸುತ್ತೋಲೆ, ಫೋನಿನ ಸಂದೇಶ ಎಲ್ಲವನ್ನೂ ಮುಂದಿಟ್ಟುಕೊಂಡು ಕೂರಿ. ಒಂದು ದೊಡ್ಡ ಹಾಳೆಯನ್ನು ಅಡ್ಡ ಇಟ್ಟು ದಿನಕ್ಕೊಂದರಂತೆ ಅಂಕಣ ಗೀರಿ. ಪ್ರತಿ ಅಂಕಣದಲ್ಲೂ ಮೂರೇ ವಿಷಯ: ಏನು ಒಯ್ಯಬೇಕು, ಏನು ಹಾಕಿಕೊಳ್ಳಬೇಕು, ಮನೆಯವರು ಯಾರು ಎಷ್ಟು ಗಂಟೆಗೆ ಎಲ್ಲಿರಬೇಕು. ಶಾಲೆ ಬಿಡುವ ಹೊತ್ತನ್ನು ಮರೆಯದೆ ಬರೆಯಿರಿ. ಕೊನೇ ವಾರದಲ್ಲಿ ಅರ್ಧ ದಿನದ ತರಗತಿ ಬಂದರೆ ವಾಹನದ ಹೊತ್ತೂ ಬದಲಾಗುತ್ತದೆ, ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಅಲ್ಲೇ.

ಇದನ್ನು ಫೋನಿನಲ್ಲಿ ಬರೆದುಕೊಂಡರೆ ಸಾಲದೇ ಎಂದರೆ, ಸಾಲದು. ಫೋನು ನಿಮ್ಮ ಕೈಲಿರುತ್ತದೆ. ಗೋಡೆಗೆ ಅಂಟಿಸಿದ ಹಾಳೆ ಮಗುವಿನ ಕಣ್ಣಿಗೆ ಬೀಳುತ್ತದೆ, ಮುಗಿದದ್ದಕ್ಕೆ ಮಗುವೇ ಗೀಟು ಹಾಕುತ್ತದೆ, ತಪ್ಪಿದ್ದರೆ ಮಗುವೇ ಹೇಳುತ್ತದೆ. ಗಡಿಯಾರ ನೋಡಿ ಮಾಡಬೇಕಾದ ಕೆಲಸಗಳಿಗೆ ಮಾತ್ರ ಫೋನಿನಲ್ಲಿ ಅಲಾರಂ ಇಡಿ. ಅನುಮಾನಗಳಿದ್ದರೆ ಟೀಚರ್‌ಗೆ ಐದು ಸಂದೇಶ ಕಳಿಸದೆ ಎಲ್ಲವನ್ನೂ ಸೇರಿಸಿ ಒಂದೇ ಸಲ ಕೇಳಿ. ಅವರಿಗೂ ಅದು ಕೊನೇ ವಾರವೇ.

ಬರೆಯುವ ರೀತಿಯೂ ಮುಖ್ಯ. ಮುಗಿಯದೆ ಉಳಿದ ಕೆಲಸ ಮುಗಿದದ್ದಕ್ಕಿಂತ ಹೆಚ್ಚು ನೆನಪಿನಲ್ಲಿ ನಿಲ್ಲುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಬರೆದಿದ್ದರು. 2011ರಲ್ಲಿ ಮನಶ್ಶಾಸ್ತ್ರಜ್ಞರಾದ ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೆಲಸ ಇನ್ನೂ ಬಾಕಿಯಿದ್ದರೂ ಅದನ್ನು ಹೇಗೆ, ಯಾವಾಗ ಮಾಡುವುದೆಂದು ಖಚಿತವಾಗಿ ಗೊತ್ತುಮಾಡಿಕೊಂಡವರ ಮನಸ್ಸನ್ನು ಅದು ಅಷ್ಟಾಗಿ ಕಾಡಲಿಲ್ಲ. ಹಾಗಾಗಿ ಹಾಳೆಯಲ್ಲಿ ‘ಬಿಳಿ ಅಂಗಿ’ ಎಂದಷ್ಟೇ ಬರೆದರೆ ನಿದ್ದೆ ಬರುವುದಿಲ್ಲ. ‘ಬಿಳಿ ಅಂಗಿ, ಮಂಗಳವಾರ ಸಂಜೆ ಅಪ್ಪ ಒಗೆಯುವುದು’ ಎಂದು ಬರೆದರೆ ಬರುತ್ತದೆ.

ಬಾಗಿಲ ಬಳಿ ಚೀಲ

ಹೊರಬಾಗಿಲ ಪಕ್ಕ ಒಂದು ಗಟ್ಟಿ ಚೀಲ ಇಡಿ. ಶಾಲೆಗೆ ವಾಪಸ್ ಹೋಗಬೇಕಾದ್ದೆಲ್ಲ, ಅಂದರೆ ಗ್ರಂಥಾಲಯದ ಪುಸ್ತಕ, ಆಟದ ತಂಡದ ಅಂಗಿ, ನಾಟಕಕ್ಕೆ ತಂದ ವೇಷ, ಅದಲುಬದಲಾಗಿ ಬಂದ ಬೇರೆಯವರ ಡಬ್ಬಿ, ಸಿಕ್ಕ ಕ್ಷಣವೇ ಅದರೊಳಗೆ ಬೀಳಲಿ. ಪುಸ್ತಕ ಕಾಣದಿದ್ದರೆ ಮಂಚ ಮತ್ತು ಗೋಡೆಯ ಸಂದಿ ಮೊದಲು ನೋಡಿ. ಅಲ್ಲೂ ಇಲ್ಲದಿದ್ದರೆ ಕೊನೇ ದಿನದವರೆಗೆ ಕಾಯದೆ ಶಾಲೆಗೆ ತಿಳಿಸಿ.

ಶಾಲೆಯಿಂದ ಮನೆಗೆ ಬರಬೇಕಾದ್ದೂ ಇರುತ್ತದೆ: ಸ್ವೆಟರ್, ಕೊಡೆ, ಬಣ್ಣದ ಡಬ್ಬಿ, ವರ್ಷವಿಡೀ ಮೇಜಿನೊಳಗೆ ಸೇರಿಕೊಂಡ ಪುಸ್ತಕಗಳು. ದಿನಕ್ಕೆರಡು ತರಲು ಸೋಮವಾರದಿಂದಲೇ ಹೇಳಿ, ಮಡಚಿದ ಬಟ್ಟೆಚೀಲವೊಂದನ್ನು ಶಾಲೆಯ ಚೀಲದಲ್ಲೇ ಇಟ್ಟಿರಿ. ಇಲ್ಲವಾದರೆ ಕೊನೇ ದಿನ ಎರಡೂ ಕೈ ತುಂಬಿಕೊಂಡ ಮಗುವಿಗೆ ಗೆಳೆಯರತ್ತ ಕೈಬೀಸಲೂ ಆಗುವುದಿಲ್ಲ.

ಯಾವುದಕ್ಕೆ ಹೋಗುವುದು

ವೇದಿಕೆ ಕಾರ್ಯಕ್ರಮ, ಬಹುಮಾನ ವಿತರಣೆ, ತರಗತಿಯ ಪ್ರದರ್ಶನ, ಪೋಷಕರ ಸಭೆ ಎಲ್ಲ ಒಂದೇ ವಾರದಲ್ಲಿ ಬಂದರೆ ಕೆಲಸಕ್ಕೆ ಹೋಗುವವರು ಎಲ್ಲದಕ್ಕೂ ಹಾಜರಾಗುವುದು ಆಗದ ಮಾತು. ಆಯ್ಕೆಯನ್ನು ಮಗುವಿಗೇ ಬಿಡಿ. ‘ಎರಡಕ್ಕೆ ಬರ್ತೀನಿ, ಯಾವುದಕ್ಕೆ ಬರ್ಲಿ ನೀನೇ ಹೇಳು’ ಎಂದು ಕೇಳಿ.

ಒಂದು ವರ್ಷ ನನ್ನ ಮಗನನ್ನು ಹೀಗೇ ಕೇಳಿದ್ದೆ. ವೇದಿಕೆಯ ನೃತ್ಯ ಅನ್ನುತ್ತಾನೆ ಎಂದುಕೊಂಡಿದ್ದರೆ, ತರಗತಿಯ ಪ್ರದರ್ಶನಕ್ಕೆ ಬಾ ಎಂದ. ಹೋಗಿ ನೋಡಿದರೆ ಕಿಟಕಿಯ ಕಟ್ಟೆ ಮೇಲೆ ಅಂಗೈಯಷ್ಟು ದೊಡ್ಡ ಮಣ್ಣಿನ ದೋಣಿ. ಒಂದು ಬದಿ ಬಿರುಕು ಬಿಟ್ಟಿದ್ದಲ್ಲಿ ಬೇರೆ ಬಣ್ಣದ ಮಣ್ಣು ಮೆತ್ತಿ ಬೆರಳಿನಿಂದ ಸವರಿದ್ದ, ಬೆರಳಿನ ಗುರುತು ಹಾಗೇ ಉಳಿದಿತ್ತು. ಅದನ್ನು ಹೇಗೆ ಸರಿಮಾಡಿದೆ ಎಂದು ಹತ್ತು ನಿಮಿಷ ಹೇಳಿದ. ಕೇಳದೆ ನಾನೇ ಆರಿಸಿದ್ದರೆ ಆ ಹತ್ತು ನಿಮಿಷ ನನಗೆ ಸಿಗುತ್ತಿರಲಿಲ್ಲ. ಬರಲು ಆಗದ ಕಾರ್ಯಕ್ರಮವಿದ್ದರೆ ಮೊದಲೇ ಹೇಳಿಬಿಡಿ. ‘ನೋಡೋಣ’ ಎಂದರೆ ಮಗು ವೇದಿಕೆಯ ಮೇಲಿಂದ ನಿಮ್ಮನ್ನೇ ಹುಡುಕುತ್ತಿರುತ್ತದೆ.

ಚೀಲ ಸುರಿಯುವ ಸಂಜೆ

ವಾರದ ನಡುವೆ ಒಂದು ಸಂಜೆ ನೆಲಕ್ಕೆ ಹಳೇ ಬಟ್ಟೆ ಹಾಸಿ, ಶಾಲೆಯ ಚೀಲವನ್ನು ತಲೆಕೆಳಗು ಮಾಡಿ ಸುರಿಯಿರಿ. ಮಗು ಜೊತೆಗಿರಲೇಬೇಕು. ಪೆನ್ಸಿಲ್ ಹೆರೆದ ಚೂರು, ಮುಚ್ಚಳವಿಲ್ಲದ ಪೆನ್ನು, ಎಲ್ಲಿಂದಲೋ ಹೆಕ್ಕಿದ ನುಣುಪು ಕಲ್ಲು, ನಾಲ್ಕು ಮಡಿಕೆಯ ಚೀಟಿ. ಕಲ್ಲನ್ನು ಕಸ ಎನ್ನುವ ಮೊದಲು ಎಲ್ಲಿ ಸಿಕ್ಕಿತು ಎಂದು ಕೇಳಿ. ಗೆಳತಿ ಬರೆದ ಚೀಟಿಯನ್ನು ಮಗು ಕೊಟ್ಟರೆ ಮಾತ್ರ ಓದಿ.

ಬಂದದ್ದನ್ನು ಮೂರು ಗುಂಪು ಮಾಡಿ: ಮತ್ತೆ ಬಳಸುವುದು, ಇಟ್ಟುಕೊಳ್ಳುವುದು, ಹೋಗುವುದು. ಅರ್ಧ ಬರೆದ ನೋಟ್‌ಪುಸ್ತಕಗಳ ಖಾಲಿ ಹಾಳೆ ಕಿತ್ತು ಹೊಲಿದರೆ ರಜೆಗೆ ಚಿತ್ರದ ಪುಸ್ತಕವಾಗುತ್ತದೆ. ಶುಲ್ಕದ ರಸೀದಿ ನುಣುಪು ಕಾಗದದ್ದಾಗಿದ್ದರೆ ಅಂದೇ ಫೋಟೊ ತೆಗೆದುಕೊಳ್ಳಿ, ಶಾಖದಿಂದ ಅಕ್ಷರ ಮೂಡಿಸುವ ಆ ಕಾಗದದಲ್ಲಿ ಬರಹ ಕೆಲವೇ ತಿಂಗಳಲ್ಲಿ ಮಾಸಿಹೋಗಬಹುದು. ನೀರಿನ ಬಾಟಲಿಯ ಮುಚ್ಚಳದೊಳಗಿನ ರಬ್ಬರ್ ಉಂಗುರ ಬಿಚ್ಚಿ ನೋಡಿ. ಕಪ್ಪು ಬೂಸ್ಟು ಕೂರುವುದು ಅದರ ಹಿಂದೆ.

ಚಿತ್ರಗಳ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಎಲ್ಲವನ್ನೂ ಇಡಲು ಜಾಗವಿರುವುದಿಲ್ಲ, ಎಲ್ಲವನ್ನೂ ಎಸೆಯಲು ಮನಸ್ಸು ಬರುವುದಿಲ್ಲ. ವರ್ಷಕ್ಕೆ ಹತ್ತನ್ನು ಮಗುವೇ ಆರಿಸಲಿ, ಉಳಿದವುಗಳ ಫೋಟೊ ತೆಗೆಯೋಣ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಚಿತ್ರವನ್ನು ನೆಲಕ್ಕಿಟ್ಟು ಮೇಲಿನಿಂದ ಸರಿಯಾಗಿ ನೇರಕ್ಕೆ ತೆಗೆದರೆ ನೆರಳೂ ಬೀಳುವುದಿಲ್ಲ, ಅಂಚೂ ಸೊಟ್ಟಗಾಗುವುದಿಲ್ಲ. ಸ್ಕ್ಯಾನರ್ ಇದ್ದರೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಸಾಕು, ಮುಂದೆ ಅದೇ ಅಳತೆಯಲ್ಲಿ ಮುದ್ರಿಸಲು ಅಡ್ಡಿಯಿಲ್ಲ. ಇಟ್ಟುಕೊಳ್ಳುವ ಹತ್ತನ್ನು ಹಳೇ ಪತ್ರಿಕೆಯಲ್ಲಿ ಸುತ್ತಬೇಡಿ. ಅಗ್ಗದ ಕಾಗದದಲ್ಲಿರುವ ಲಿಗ್ನಿನ್ ಎಂಬ ಅಂಶ ಬೆಳಕು, ಗಾಳಿಗೆ ಹಳದಿಗಟ್ಟುತ್ತದೆ, ಅದರಿಂದ ಹುಟ್ಟುವ ಆಮ್ಲ ಪಕ್ಕದ ಹಾಳೆಯನ್ನೂ ಕೆಡಿಸುತ್ತದೆ. ಮೇಣದ ಬಣ್ಣದ ಚಿತ್ರಕ್ಕೆ ಬಿಸಿ ಲ್ಯಾಮಿನೇಷನ್ ಮಾಡಿಸಿದರೆ ಮೇಣ ಕರಗಿ ಬಣ್ಣ ಹರಡುತ್ತದೆ. ಪ್ರತಿ ಚಿತ್ರದ ಹಿಂದೆ ಪೆನ್ಸಿಲ್‌ನಲ್ಲಿ ತಾರೀಖು ಬರೆದು, ಇದೇನೆಂದು ಮಗು ಹೇಳಿದ ಮಾತನ್ನು ಅದರದೇ ನುಡಿಯಲ್ಲಿ ಬರೆದಿಡಿ.

ನಿದ್ದೆ

ಎಷ್ಟೇ ಕಾರ್ಯಕ್ರಮವಿದ್ದರೂ ಇದರಲ್ಲಿ ರಾಜಿ ಬೇಡ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ನೀಡಿದ ಸಲಹೆಯಂತೆ 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಕೊನೇ ವಾರದ ಅಳು, ಜಗಳಗಳಲ್ಲಿ ಎಷ್ಟೋ ಬರೀ ನಿದ್ದೆಗೇಡಿನವು.

ಬೀಳ್ಕೊಡುವುದು

ಉಳಿದ ಅಳು, ಜಗಳಗಳು ಬೇರೆ ಕಾರಣದವು. ವರ್ಷವಿಡೀ ಪಕ್ಕದಲ್ಲಿ ಕೂತ ಗೆಳೆಯ ಬೇರೆ ಶಾಲೆಗೆ ಹೋಗುತ್ತಿರಬಹುದು, ಇಷ್ಟದ ಮಿಸ್ ಮುಂದಿನ ತರಗತಿಗೆ ಬರದೆ ಇರಬಹುದು. ಮಗು ಇದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ, ಸಾಕ್ಸ್ ಸಿಗಲಿಲ್ಲವೆಂದು ಅಳುತ್ತದೆ. ‘ಹೋಗ್ಲಿ ಬಿಡು, ಹೊಸ ಫ್ರೆಂಡ್ಸ್ ಸಿಗ್ತಾರೆ’ ಎನ್ನುವ ಸಮಾಧಾನ ಆಗ ನಾಟುವುದಿಲ್ಲ. ‘ಅವನ ಜೊತೆ ಏನು ಆಡ್ತಿದ್ರಿ?’ ಎಂದು ಕೇಳಿ ಸುಮ್ಮನೆ ಕೂರಿ.

ಕೈಗೆ ಕೆಲಸ ಕೊಡುವುದೂ ಒಳ್ಳೆಯದು. ಟೀಚರ್‌ಗೆ ಮೂರು ಸಾಲಿನ ಪತ್ರ ಮಗುವೇ ಬರೆಯಲಿ. ‘ನೀವು ಒಳ್ಳೆಯವರು’ ಎನ್ನುವ ಬದಲು ನಡೆದ ಒಂದು ಸಂಗತಿ ಇರಲಿ: ‘ಭಾಗಾಕಾರ ಬರದೆ ಅತ್ತಾಗ ನೀವು ಪಕ್ಕ ಕೂತು ಹೇಳಿಕೊಟ್ರಿ.’ ಕಾಗುಣಿತ ತಿದ್ದಬೇಡಿ. ಬರೆಯಲು ಕಲಿಯದ ಚಿಕ್ಕವರಾದರೆ ಅವರು ಹೇಳಲಿ, ನೀವು ಬರೆಯಿರಿ. ಬಸ್ಸಿನ ಚಾಲಕರಿಗೆ, ಆಯಾಗೆ, ಗೇಟಿನವರಿಗೆ ಸಹ ಒಂದೊಂದು ಚೀಟಿ ಇರಲಿ, ದಿನವೂ ಮಗುವನ್ನು ಹತ್ತಿಸಿ ಇಳಿಸಿದವರು ಅವರು. ಶಾಲೆ ಬಿಡುವ ಗೆಳೆಯನ ಅಪ್ಪ ಅಮ್ಮನ ಫೋನ್ ನಂಬರನ್ನು ಕೊನೇ ಗಂಟೆ ಬಾರಿಸುವ ಮೊದಲೇ ಪಡೆದು, ಸಾಧ್ಯವಾದರೆ ಮಕ್ಕಳು ಮತ್ತೆ ಸೇರುವ ದಿನವನ್ನೂ ಆಗಲೇ ಗೊತ್ತುಮಾಡಿ.

ಕೊನೇ ಮಧ್ಯಾಹ್ನ

ಹಾಳೆಯಲ್ಲಿ ಈ ಜಾಗ ಖಾಲಿ ಬಿಡಿ. ಪ್ರಯಾಣ ಬೇಡ, ಅತಿಥಿಗಳು ಬೇಡ, ಮುಂದಿನ ವರ್ಷದ ಬೂಟಿನ ಖರೀದಿಯಂತೂ ಬೇಡವೇ ಬೇಡ. ರಜೆಯಲ್ಲಿ ಕಾಲು ಬೆಳೆಯುತ್ತದೆ, ಬೂಟನ್ನು ಶಾಲೆ ತೆರೆಯುವ ಮುಂಚಿನ ವಾರ ಅಳತೆ ನೋಡಿ ತಂದರಾಯಿತು. ಮಗು ಮನೆಗೆ ಬಂದು ಮಲಗಬಹುದು, ಕುಣಿಯಬಹುದು, ಒಂದೇ ಸಮನೆ ಮಾತಾಡಬಹುದು, ಏನೂ ಹೇಳದೆ ನಿಮ್ಮ ತೊಡೆಗೊರಗಿ ಕೂರಬಹುದು. ಬೀಸಿ ಎಸೆದ ಚೀಲ ಬಿದ್ದಲ್ಲೇ ನಾಳೆವರೆಗೆ ಬಿದ್ದಿರಲಿ. ಊಟದ ಡಬ್ಬಿಯೊಂದನ್ನು ಮಾತ್ರ ತೆಗೆದು ತೊಳೆದು, ಮುಚ್ಚಳ ತೆರೆದು ಒಣಗಲು ಇಡಿ.