ಮಡಚುವ ಸೈಕಲ್ಲಿಗೆ ಒಂಬತ್ತು ಗೇರ್ ಕೂರಿಸಿದ ನನ್ನ ಅನುಭವ

ಮೂಗಿಗಿಂತ ಮೂಗುತಿ ಭಾರ ಎಂದು ನನ್ನ ಜೊತೆ ಸವಾರಿ ಮಾಡುವವರು ಹೆಚ್ಚುಕಡಿಮೆ ಎರಡು ವರ್ಷ ನಕ್ಕರು. ಇಪ್ಪತ್ತು ಇಂಚಿನ ಚಕ್ರದ ಮಡಚುವ ಸೈಕಲ್ಲಿಗೆ ಬಿಡಿಭಾಗ ಕೊಂಡು ಹಾಕುವ ಹಣದಲ್ಲಿ ಇನ್ನೊಂದು ಒಳ್ಳೆಯ ಸೈಕಲ್ಲೇ ಬರುತ್ತದೆ ಎಂಬುದು ಅವರ ವಾದವಾಗಿತ್ತು. ಲೆಕ್ಕದಲ್ಲಿ ಅವರು ಪೂರ್ತಿ ತಪ್ಪಿರಲಿಲ್ಲ. ಆದರೆ ಈಗ ಸಮತಟ್ಟಾದ ರಸ್ತೆಯಲ್ಲಿ ದೊಡ್ಡ ಚಕ್ರದವರ ಗುಂಪಿನಲ್ಲಿ ನಾನು ಹಿಂದೆ ಬೀಳುವುದಿಲ್ಲ, ಅದೇ ಸೈಕಲ್ ಮಡಚಿದರೆ ಮೊದಲಿನಂತೆಯೇ ಮೇಜಿನ ಕೆಳಗೆ ಸೇರುತ್ತದೆ. ಹೀಗಾಗಿ ಬರೆಯುವ ಧೈರ್ಯ ಬಂದಿದೆ.

ಮೂಲ ಸೈಕಲ್ಲಿನಲ್ಲಿ ಪೆಡಲ್ ಬಳಿ ಮುಂದೆ 52 ಹಲ್ಲಿನ ಹಲ್ಲುಚಕ್ರ, ಹಿಂದೆ 14ರಿಂದ 28 ಹಲ್ಲಿನ ಏಳು ಗೇರಿನ ತಿರುಪಿನ ಫ್ರೀವೀಲ್ (ಚಕ್ರದ ನಡುವಿನ ಹಬ್ಬಿಗೆ ತಿರುಗಿಸಿ ಬಿಗಿಯುವ ಹಲ್ಲುಚಕ್ರಗಳ ಗೊಂಚಲು) ಇದ್ದವು. ಪೆಡಲ್ ಒಂದು ಸುತ್ತು ತಿರುಗಿದರೆ ಅತಿ ದೊಡ್ಡ ಗೇರಿನಲ್ಲಿ ಸುಮಾರು 5.6 ಮೀಟರ್ ಮುಂದೆ ಹೋಗುತ್ತಿತ್ತು. ಅಂದರೆ ನಿಮಿಷಕ್ಕೆ 90 ಸುತ್ತು ತುಳಿದರೂ ಗಂಟೆಗೆ 30 ಕಿ.ಮೀ. ದಾಟಲು ಕಾಲು ಗಿರಗಿರ ತಿರುಗಬೇಕಾಗಿತ್ತು. ಮುಂದಿನ ಹಲ್ಲುಚಕ್ರವನ್ನು ಇನ್ನೂ ದೊಡ್ಡದು ಮಾಡಿದರೆ ಏರಿನಲ್ಲಿ ಉಸಿರು ನಿಲ್ಲುತ್ತದೆ. ಹಿಂದೆ 11ರಿಂದ 32 ಹಲ್ಲಿನ ಒಂಬತ್ತು ಗೇರಿನ ಕ್ಯಾಸೆಟ್ (ಬೇರೆ ಬಗೆಯ ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಗೊಂಚಲು) ಕೂರಿಸಿದರೆ ಎರಡೂ ತುದಿ ಹಿಗ್ಗುತ್ತವೆ: ಮೇಲೆ 7 ಮೀಟರ್ ದಾಟುತ್ತದೆ, ಕೆಳಗೆ ಎರಡೂವರೆ ಮೀಟರಿಗೆ ಇಳಿಯುತ್ತದೆ. ಇದಕ್ಕೆ ಹಬ್ ಬದಲಾಗಬೇಕು, ಹಬ್ ಬದಲಾದರೆ ಇಡೀ ಹಿಂಬದಿ ಚಕ್ರವನ್ನು ಹೊಸದಾಗಿ ಹೆಣೆಯಬೇಕು.

ಚಕ್ರ ಹೆಣೆಯುವಾಗಲೇ ಮೊದಲ ಬಾರಿ ಕೈಸುಟ್ಟುಕೊಂಡೆ. ದೊಡ್ಡ ಚಕ್ರಗಳ ಅಭ್ಯಾಸದಲ್ಲಿ ಪ್ರತಿ ಕಡ್ಡಿಯೂ ಮೂರು ಕಡ್ಡಿಗಳನ್ನು ದಾಟುವಂತೆ ಹೆಣೆದೆ. ಚಿಕ್ಕ ರಿಮ್ಮಿನಲ್ಲಿ ಕಡ್ಡಿ ವಿಪರೀತ ಓರೆಯಾಗಿ, ಅದನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ಲಿನ ಬಾಯಲ್ಲೇ ಬಾಗಿತು, ತಿಂಗಳೊಳಗೆ ಮೂರು ಕಡ್ಡಿಗಳು ಮುರಿದವು. ಎಲ್ಲವನ್ನೂ ಬಿಚ್ಚಿ, ಬೇರೆ ಅಳತೆಯ ಕಡ್ಡಿ ತಂದು, ಎರಡನ್ನು ಮಾತ್ರ ದಾಟಿಸಿ ಹೆಣೆದ ಮೇಲೆ ಇಂದಿನವರೆಗೂ ಒಂದೂ ಮುರಿದಿಲ್ಲ. ಮುಂದಿನ ಚಕ್ರದ ಕಥೆ ಇನ್ನೂ ನಾಚಿಕೆಗೇಡಿನದು. ಮುಂದಿನ ಚಕ್ರ ಕೂರುವ ಕವೆಯ, ಅಂದರೆ ಫೋರ್ಕಿನ, ಎರಡು ಕಾಲುಗಳ ಅಂತರ ನನ್ನ ಸೈಕಲ್ಲಿನಲ್ಲಿ 74 ಮಿ.ಮೀ. ಎಂಬುದನ್ನು ಅಳೆಯದೆ 100 ಮಿ.ಮೀ. ಹಬ್ಬಿನ ಸಿದ್ಧ ಚಕ್ರ ಕೊಂಡು ತಂದೆ. ಫೋರ್ಕನ್ನು ಸ್ವಲ್ಪ ಅಗಲಿಸಿದರಾಯಿತು ಎಂದು ಸಲಹೆ ಕೊಟ್ಟವರೂ ಇದ್ದರು. ಅಲ್ಯೂಮಿನಿಯಂ ಫೋರ್ಕನ್ನು ಹಾಗೆ ಎಳೆಯುವುದು ಹಲ್ಲುದುರಿಸಿಕೊಳ್ಳುವ ದಾರಿ. ಚಕ್ರವನ್ನು ಅರ್ಧ ಬೆಲೆಗೆ ಮಾರಿದೆ.

ಮೂರನೆಯ ನಷ್ಟ ಡಿರೈಲರಿನದು, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗದ್ದು. ಒಂಬತ್ತು ಗೇರಿನ ಶಿಫ್ಟರ್ (ಹ್ಯಾಂಡಲ್ ಮೇಲೆ ಗೇರ್ ಬದಲಿಸುವ ಹಿಡಿ) ಕೈಯಲ್ಲಿತ್ತು, ಶಿಮಾನೋದ ಹತ್ತು ಗೇರಿನ ಮೌಂಟನ್ ಬೈಕಿನ ಡಿರೈಲರ್ ಅಗ್ಗಕ್ಕೆ ಸಿಕ್ಕಿತು. ಒಂದು ಗೇರಿಗೆ ಆ ಶಿಫ್ಟರ್ ಎಳೆಯುವ ಕೇಬಲ್ಲಿನ ಉದ್ದವೇ ಬೇರೆ, ಆ ಡಿರೈಲರಿಗೆ ಬೇಕಾದ ಉದ್ದವೇ ಬೇರೆ ಎಂಬುದು ಒಂದು ವಾರ ತಿರುಪು ತಿರುಗಿಸಿ ಸೋತ ಮೇಲೆ ತಿಳಿಯಿತು. ಒಂದು ಗೇರ್ ಕೂತರೆ ಮುಂದಿನದು ಕೂರದು. ಒಂಬತ್ತು ಗೇರಿನದನ್ನೇ, ಅದೂ ನಡುವಳತೆಯ ಪಂಜರದ್ದನ್ನು (ಡಿರೈಲರಿನ ಕೆಳಗೆ ಚೈನನ್ನು ಬಿಗಿಹಿಡಿಯುವ ತೋಳು) ತಂದೆ. ಉದ್ದ ಪಂಜರ ಇಷ್ಟು ಚಿಕ್ಕ ಚಕ್ರದಲ್ಲಿ ನೆಲಕ್ಕೆ ತೀರಾ ಹತ್ತಿರ ನೇತಾಡುತ್ತದೆ.

ಇಷ್ಟಾದ ಮೇಲೂ ನನ್ನನ್ನು ನಿಜವಾಗಿ ಕಾಡಿದ್ದು ಕೇಬಲ್. ಸೈಕಲ್ ಬಿಡಿಸಿ ನಿಲ್ಲಿಸಿ, ಹೊರಕವಚವನ್ನು ಅಚ್ಚುಕಟ್ಟಾಗಿ ಕತ್ತರಿಸಿ, ಅಂದವನ್ನು ನೋಡಿ ಬೀಗಿದೆ. ಸಂಜೆ ಮಡಚಿದಾಗ ಹ್ಯಾಂಡಲ್ ಕಂಬ ಕೆಳಗೆ ಬಾಗುತ್ತಿದ್ದಂತೆ ಕೇಬಲ್ ತಂತಿವಾದ್ಯದಂತೆ ಬಿಗಿದು, ಕವಚ ತನ್ನ ಕುಳಿಯಿಂದ ಹೊರಜಿಗಿಯಿತು. ಮರುದಿನ ಬೆಳಿಗ್ಗೆ ಬಿಡಿಸಿ ಹೊರಟರೆ ಹಿಂಬದಿ ಬ್ರೇಕ್ ಸಡಿಲ, ಗೇರ್ ತಾನೇ ಜಿಗಿಯುತ್ತಿತ್ತು. ಸರಿಪಡಿಸಿ ಮತ್ತೆ ಮಡಚಿದರೆ ಮತ್ತದೇ. ಇದೇ ಹಂತದಲ್ಲಿ ಜೊತೆಗಾರರು ‘ಇನ್ನು ಬಿಡಿ’ ಎಂದದ್ದು. ಕೊನೆಗೆ ಸೈಕಲ್ಲನ್ನು ಪೂರ್ತಿ ಮಡಚಿ, ನೆಲದ ಮೇಲೆ ಮಲಗಿಸಿ, ಆ ಸ್ಥಿತಿಯಲ್ಲಿ ಕೇಬಲ್ ಅಳೆದೆ; ಬಿಡಿಸಿದ ಅಳತೆಗಿಂತ ಸುಮಾರು ಒಂದು ಗೇಣು ಹೆಚ್ಚು ಬೇಕಾಯಿತು. ಅಷ್ಟು ಸಡಿಲು ಬಿಟ್ಟರೆ ಸವಾರಿಯಲ್ಲಿ ಕೇಬಲ್ ಮೊಣಕಾಲಿಗೆ ತಾಗುತ್ತದೆ. ಅದನ್ನು ಕೀಲಿನ ಬಳಿ ಯಾವ ಕಡೆಯಿಂದ ಸುತ್ತಿಸಿದೆ, ಯಾವುದರಿಂದ ಹಿಡಿದಿಟ್ಟೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಮೂರು ಕೇಬಲ್ ಹಾಳಾಗಿವೆ.

ನಡುವೆ ಎರಡು ಅಡ್ಡಪ್ರಯೋಗ ಮಾಡಿದೆ. ನನ್ನ ರಿಮ್ಮಿನಲ್ಲಿ ಟೈರ್ ಕೂರುವ ವ್ಯಾಸ 406 ಮಿ.ಮೀ.; ಅದರ ಬದಲು 451ರ ರಿಮ್ ಎರವಲು ತಂದು ನೋಡಿದೆ. ವ್ಯಾಸ 45 ಮಿ.ಮೀ. ಹೆಚ್ಚಾದ್ದರಿಂದ ಬ್ರೇಕ್ ಬಿಲ್ಲೆಗಳು ರಿಮ್ಮಿಗೆ ಎಟುಕಲಿಲ್ಲ, ಮಡ್‌ಗಾರ್ಡೂ ಕೂರಲಿಲ್ಲ, ಮರುದಿನವೇ ಹಿಂದಿರುಗಿಸಿದೆ. 28 ಮಿ.ಮೀ. ಅಗಲದ ತೆಳು ಟೈರ್ ಹಾಕಿದಾಗ ಸೈಕಲ್ ಹಗುರವೆನಿಸಿದ್ದು ನಿಜ. ಆದರೆ 40 ಮಿ.ಮೀ. ಟೈರಿಗೆ ಹೋಲಿಸಿದರೆ ಸುತ್ತಳತೆ ಏಳೆಂಟು ಸೆಂಟಿಮೀಟರ್ ಕುಗ್ಗಿ, ಕಷ್ಟಪಟ್ಟು ಗಳಿಸಿದ ಗೇರಿನ ಸ್ವಲ್ಪ ಭಾಗವನ್ನು ಅದೇ ತಿಂದುಹಾಕಿತು. ಹಳ್ಳಕೊಳ್ಳದ ಪೆಟ್ಟು ನೇರವಾಗಿ ಬೆನ್ನಿಗೆ ಬರುತ್ತಿತ್ತು. ಅಗಲದ ಟೈರಿಗೇ ಮರಳಿದೆ.

ತೂಗುಗೊಕ್ಕೆಯಲ್ಲಿ ಮೊದಲು ಹನ್ನೆರಡೂವರೆ ಕಿಲೋ ಇದ್ದದ್ದು ಈಗ ಹನ್ನೊಂದರ ಆಸುಪಾಸಿನಲ್ಲಿದೆ. ಇಳಿದ ತೂಕದಲ್ಲಿ ಹೆಚ್ಚಿನ ಪಾಲು ಚಕ್ರಗಳದು, ಉಳಿದದ್ದು ಉಕ್ಕಿನ ಸೀಟ್ ಕಂಬ ಬದಲಿಸಿದ್ದರಿಂದ ಬಂದದ್ದು. ಹಣದ ಮಾತು: ಒಟ್ಟು ಖರ್ಚು ಸೈಕಲ್ಲಿನ ಮೂಲ ಬೆಲೆಯ ಮುಕ್ಕಾಲು ಪಾಲು ತಲುಪಿತು, ಅದರಲ್ಲಿ ಮೂರನೇ ಒಂದು ಭಾಗ ಶುದ್ಧ ತಪ್ಪುಗಳಿಗೆ ಹೋದದ್ದು. ಕಳೆದ ತಿಂಗಳು, ಮೂಗುತಿಯ ಗಾದೆ ಹೇಳಿದವರಲ್ಲೇ ಒಬ್ಬರು ತಮ್ಮ ಮಡಚುವ ಸೈಕಲ್ಲನ್ನು ತಂದು, ಫೋರ್ಕಿನ ಅಂತರವನ್ನು ನನ್ನ ಎದುರೇ ಅಳೆಸಿಕೊಂಡು ಹೋದರು. 74 ಮಿ.ಮೀ. ಇತ್ತು.