ಹೆಜ್ಜೆ ಏಳದಿದ್ದರೆ ತಾಳ ಹಾಕಿ

ಪಾರ್ಕಿನ್ಸನ್ (ಕೈಕಾಲಿನ ಚಲನೆ ನಿಧಾನವಾಗುವ ಮಿದುಳಿನ ಕಾಯಿಲೆ) ಇರುವ ಹಿರಿಯರು ಹೊಸ್ತಿಲ ಹತ್ತಿರ ಕಾಲು ಕಿತ್ತಿಡಲಾಗದೆ ನಿಂತುಬಿಟ್ಟರೆ ಕೈ ಹಿಡಿದು ಎಳೆಯಬೇಡಿ. ಪಕ್ಕದಲ್ಲಿ ನಿಂತು, ಅವರ ನಡಿಗೆಯ ವೇಗಕ್ಕೆ ಚಪ್ಪಾಳೆ ತಟ್ಟುತ್ತಾ ಅವರಿಗೆ ಗೊತ್ತಿರುವ ಕೋಲಾಟದ ಪದ ಹಾಡಿ. ಒಂದು ತಾಳಕ್ಕೆ ಒಂದು ಹೆಜ್ಜೆ. ಈ ಕಾಯಿಲೆಯಲ್ಲಿ ಮಿದುಳು ಒಳಗಿನಿಂದ ಕೊಡಬೇಕಾದ ಲಯ ತಪ್ಪುತ್ತದೆ, ಹೊರಗಿನ ತಾಳ ಆ ಕೆಲಸಕ್ಕೆ ಕೈ ಜೋಡಿಸುತ್ತದೆ. ನಮ್ಮ ಮುಳಬಾಗಿಲು, ಶ್ರೀನಿವಾಸಪುರ ಕಡೆ ಎಷ್ಟೋ ಅಜ್ಜಿಯರಿಗೆ ತೆಲುಗು ಪದವೇ ಬಾಯಿಗೆ ಬರುತ್ತೆ ಅಲ್ವಾ, ಅದನ್ನೇ ಹಾಡಿ. ಪಕ್ಕದಲ್ಲಿ ಟಿವಿ ಜೋರಾಗಿದ್ದರೆ, ಕಿವಿಯ ಮಿಷನ್ ತೆಗೆದಿಟ್ಟಿದ್ದರೆ ಇದು ನಡೆಯಲ್ಲ. ಪದ ಓಡಿದರೆ ಅವರು ಮುಗ್ಗರಿಸುತ್ತಾರೆ, ನಿಧಾನ ಇರಲಿ. ಎದ್ದ ಕೂಡಲೇ ತಲೆ ಸುತ್ತುವವರನ್ನು ಮಾತ್ರ ನಡೆಸಬೇಡಿ, ಕುರ್ಚಿಯಲ್ಲೇ ಕೂರಿಸಿ ಅದೇ ತಾಳಕ್ಕೆ ಪಾದ ಎತ್ತಿ ಇಡಿಸಿ.