ದಿಲ್ಲಿಯಿಂದ ತಾಜ್ ಮಹಲಿಗೆ, ಸೂರ್ಯ ಹುಟ್ಟುವ ಹೊತ್ತಿಗೆ: ಒಂದೇ ದಿನದಲ್ಲಿ ಹೋಗಿ ಬರುವುದು ಹೇಗೆ?

ಮದುವೆಗೋ ಆಫೀಸ್ ಕೆಲಸಕ್ಕೋ ದಿಲ್ಲಿಗೆ ಹೋದವರಿಗೆ ಒಂದು ದಿನ ಉಳಿದರೆ ಮೊದಲು ನೆನಪಾಗುವುದು ಆಗ್ರಾ. ಹೋಗುವುದೇ ಆದರೆ ಬೆಳಗಿನ ಜಾವಕ್ಕೆ ಹೋಗಿ. ಹತ್ತು ಗಂಟೆಯ ಮೇಲೆ ಹೋದರೆ ತಾಜ್‌ಗಿಂತ ಜನರ ತಲೆಯೇ ಜಾಸ್ತಿ ಕಾಣುತ್ತದೆ. ಆದರೆ ಈ ಟ್ರಿಪ್ ಕೆಡುವುದು ಆಗ್ರಾದಲ್ಲಲ್ಲ. ಎರಡು ದಿನ ಮುಂಚೆ ಫೋನಿನಲ್ಲಿ ಪ್ಯಾಕೇಜ್ ಮಾತಾಡುವಾಗಲೇ ಕೆಟ್ಟಿರುತ್ತದೆ.

ದಿನ ಗೊತ್ತು ಮಾಡಿ

ಶುಕ್ರವಾರ ತಾಜ್ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಶನಿವಾರ, ಭಾನುವಾರ ನೂಕುನುಗ್ಗಲು. ವಾರದ ನಡುವಿನ ದಿನವೇ ವಾಸಿ.

ಇನ್ನು ತಿಂಗಳು. ನಾವು ಜನವರಿಯಲ್ಲಿ ಹೋಗಿದ್ದೆವು. ಮಂಜು ಹೇಗಿತ್ತೆಂದರೆ, ನೀರಿನ ಕೊಳದ ಹತ್ತಿರ ನಿಂತು ತೆಗೆಸಿಕೊಂಡ ಫೋಟೋದಲ್ಲಿ ನಾವು ನಾಲ್ವರಿದ್ದೇವೆ, ಹಿಂದೆ ಬಿಳಿ ಪರದೆ ಕಟ್ಟಿದ ಹಾಗಿದೆ. ತಾಜ್ ಇಲ್ಲವೇ ಇಲ್ಲ! ಡಿಸೆಂಬರ್, ಜನವರಿ ಬಿಟ್ಟು ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವೆ ಅಥವಾ ಫೆಬ್ರುವರಿ, ಮಾರ್ಚ್‌ನಲ್ಲಿ ಹೋಗಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ತಾಜ್‌ನ ಮುಖ ಇರುವುದು ದಕ್ಷಿಣಕ್ಕೆ. ಬೇಸಿಗೆಯಲ್ಲಿ ಸೂರ್ಯ ಈಶಾನ್ಯದಲ್ಲಿ ಹುಟ್ಟುವುದರಿಂದ ಬೆಳಿಗ್ಗೆ ಆ ಮುಖ ನೆರಳಲ್ಲೇ ಇರುತ್ತದೆ. ಚಳಿಗಾಲದ ಆಚೀಚೆ ಸೂರ್ಯ ಆಗ್ನೇಯಕ್ಕೆ ಸರಿದಿರುತ್ತಾನೆ, ಮುಖದ ಮೇಲೂ ಓರೆ ಬಿಸಿಲು ಬೀಳುತ್ತದೆ.

ಹೊರಡುವ ಹೊತ್ತು

ಗೇಟು ತೆಗೆಯುವುದು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ನವೆಂಬರ್ ಮಧ್ಯದಲ್ಲಿ ಆಗ್ರಾದಲ್ಲಿ ಸೂರ್ಯ ಹುಟ್ಟುವುದು ಸುಮಾರು 6.35ಕ್ಕೆ. ಅಂದರೆ 5.30ಕ್ಕೆ ಪಾರ್ಕಿಂಗ್‌ನಲ್ಲಿ ಇರಬೇಕು. ದಿಲ್ಲಿಯಿಂದ ಯಮುನಾ ಎಕ್ಸ್‌ಪ್ರೆಸ್‌ವೇ ಹಿಡಿದರೆ ಹೆಚ್ಚುಕಡಿಮೆ 230 ಕಿ.ಮೀ., ಮೂರೂವರೆಯಿಂದ ನಾಲ್ಕು ಗಂಟೆ ದಾರಿ. ಹಾಗಾಗಿ ರಾತ್ರಿ 1.30ಕ್ಕೆ ಹೊರಡಲೇಬೇಕು. 'ಎರಡೂವರೆ ಗಂಟೆಯಲ್ಲಿ ಮುಟ್ಟಿಸ್ತೀನಿ' ಅನ್ನುವ ಡ್ರೈವರ್ ಬೇಡವೇ ಬೇಡ. ಅಲ್ಲಿ ಕಾರಿನ ವೇಗಮಿತಿ 100, ಮಂಜಿನ ಕಾಲದಲ್ಲಿ ಇನ್ನೂ ಇಳಿಸುತ್ತಾರೆ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಈ ಸಾಹಸ ಬಿಟ್ಟು, ಹಿಂದಿನ ರಾತ್ರಿ ಆಗ್ರಾದಲ್ಲೇ ರೂಮು ಮಾಡಿ.

ದಿಲ್ಲಿಯಿಂದ ಬೆಳಿಗ್ಗೆ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ ರೈಲು ಚೆನ್ನಾಗಿದೆ, ಆದರೆ ಸೂರ್ಯೋದಯಕ್ಕೆ ಆಗಿಬರುವುದಿಲ್ಲ. ಅದು ಆಗ್ರಾ ಸೇರುವಷ್ಟರಲ್ಲಿ ಬಿಸಿಲು ಏರಿರುತ್ತದೆ.

ಪ್ಯಾಕೇಜ್ ಮಾತಾಡುವಾಗ

ಭಾರತೀಯರಿಗೆ ಟಿಕೆಟ್ 50 ರೂಪಾಯಿ. ಮುಖ್ಯ ಗೋರಿಯ ಕಟ್ಟಡ ಹತ್ತಬೇಕಾದರೆ ಇನ್ನೂ 200. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. 'ಟಿಕೆಟ್ ಸೇರಿದೆ' ಅಂದರೆ ಆ 200 ಕೂಡ ಸೇರಿದೆಯಾ ಎಂದು ಬಿಡಿಸಿ ಕೇಳಿ. ಗೈಡ್ ಬಳಿ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರಬೇಕು.

ಎಲ್ಲಕ್ಕಿಂತ ಮುಖ್ಯ, ಅಂಗಡಿ ವಿಷಯ. ನಮ್ಮನ್ನು 'ಸುಮ್ನೆ ಹತ್ತು ನಿಮಿಷ, ಅಮೃತಶಿಲೆ ಕೆಲಸ ತೋರಿಸ್ತೀವಿ' ಎಂದು ಒಂದು ಅಂಗಡಿಗೆ ಕರೆದುಕೊಂಡು ಹೋದರು. ಚಹಾ ಬಂತು, ಮೇಜು ಬಂತು, ಲ್ಯಾಂಪ್ ಬಂತು. ಹೊರಗೆ ಬರುವಷ್ಟರಲ್ಲಿ ಒಂದೂವರೆ ಗಂಟೆ ಹೋಗಿತ್ತು, ಆಗ್ರಾ ಕೋಟೆ ನೋಡುವುದು ತಪ್ಪಿತು. 'ಅಂಗಡಿಗೆ ಬರುವುದಿಲ್ಲ' ಎಂದು ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿಬಿಡಿ. ಬಾಯಿಮಾತು ನಿಲ್ಲುವುದಿಲ್ಲ.

ಗೇಟಿನಲ್ಲಿ

ತಾಜ್ ಸುತ್ತ 500 ಮೀಟರ್ ಒಳಗೆ ಪೆಟ್ರೋಲ್, ಡೀಸೆಲ್ ಗಾಡಿ ಬಿಡುವುದಿಲ್ಲ. ಪೂರ್ವ ದ್ವಾರಕ್ಕೆ ಶಿಲ್ಪಗ್ರಾಮದಲ್ಲಿ ಕಾರು ನಿಲ್ಲಿಸಿ ಬ್ಯಾಟರಿ ಗಾಡಿ ಹತ್ತಬೇಕು. ತಿಂಡಿ, ಸಿಗರೇಟು, ಲೈಟರ್, ಟ್ರೈಪಾಡ್, ದೊಡ್ಡ ಬ್ಯಾಗ್ ಎಲ್ಲ ಕಾರಿನಲ್ಲೇ ಇರಲಿ. ಒಂದು ನೀರಿನ ಬಾಟಲಿ, ಫೋನು, ಪರ್ಸು ಸಾಕು. ತಪಾಸಣೆಗೆ ಗಂಡಸರು, ಹೆಂಗಸರ ಸಾಲು ಬೇರೆ ಬೇರೆ. ಎಲ್ಲರ ಟಿಕೆಟ್ಟೂ ಯಜಮಾನರ ಫೋನಿನಲ್ಲೇ ಇದ್ದರೆ ಪಜೀತಿ, ಆದ್ದರಿಂದ ಅವರವರದ್ದು ಅವರವರ ಫೋನಿಗೆ ಕಳಿಸಿ. ಟಿಕೆಟ್ಟಿಗೆ ಮೂರು ಗಂಟೆ ಅವಧಿ.

ಒಳಗೆ ಎಲ್ಲಿಂದ ಶುರು?

ಕೆಂಪು ಕಲ್ಲಿನ ದೊಡ್ಡ ಬಾಗಿಲಲ್ಲಿ ಒಂದು ನಿಮಿಷ ನಿಂತು ತಲೆ ಎತ್ತಿ. ಅಲ್ಲಿ ಕಪ್ಪಕ್ಷರದಲ್ಲಿ ಕೊರೆದಿರುವುದು ಕುರಾನಿನ 89ನೇ ಅಧ್ಯಾಯ. ಅದರ ಹೆಸರೇ 'ಅಲ್ ಫಜ್ರ್', ಅಂದರೆ ಬೆಳಗಿನ ಜಾವ. ಅಕ್ಷರಗಳು ಮೇಲೆ ಹೋದಂತೆ ದೊಡ್ಡದಾಗುತ್ತವೆ, ಕೆಳಗೆ ನಿಂತವರಿಗೆ ಎಲ್ಲ ಒಂದೇ ಅಳತೆ ಕಾಣಲಿ ಅಂತ.

ಬಾಗಿಲು ದಾಟಿದ ಕೂಡಲೇ ಎಲ್ಲರೂ ಫೋಟೋಗೆ ಮುಗಿಬೀಳುತ್ತಾರೆ. ನೀವು ನಿಲ್ಲಬೇಡಿ. ನೇರ ನಡೆದು, ತಾಜ್‌ನ ಬಲಕ್ಕಿರುವ ಕೆಂಪು ಕಟ್ಟಡದ ಕಡೆ ಹೋಗಿ. ಎಡಕ್ಕಿರುವ ಮಸೀದಿಗೆ ಜೋಡಿಯಾಗಿ ಕಟ್ಟಿದ ಅದಕ್ಕೆ 'ಜವಾಬ್' ಅನ್ನುತ್ತಾರೆ. ಅಲ್ಲಿ ಸೂರ್ಯ ನಿಮ್ಮ ಬೆನ್ನ ಹಿಂದೆ. ಬೆಳಕು ಮೊದಲು ಗುಮ್ಮಟದ ತುದಿಗೆ ತಾಗುತ್ತದೆ, ಆಮೇಲೆ ನಿಧಾನಕ್ಕೆ ಗೋಡೆ ಇಳಿಯುತ್ತದೆ. ಬೂದಿ ಬಣ್ಣದ ಕಲ್ಲು ತಿಳಿಗುಲಾಬಿಯಾಗಿ, ಕೆನೆ ಬಣ್ಣಕ್ಕೆ ತಿರುಗುತ್ತದೆ. ಗೈಡ್‌ಗೆ 'ಸ್ವಲ್ಪ ಹೊತ್ತು ಮಾತು ಬೇಡ' ಅನ್ನಿ. ಬೇಜಾರು ಮಾಡಿಕೊಳ್ಳುವುದಿಲ್ಲ.

ಆಮೇಲೆ ಸಾಲು ಬೆಳೆಯುವ ಮುಂಚೆ ಶೂ ಮೇಲೆ ಕವರ್ ಹಾಕಿಕೊಂಡು ಗೋರಿಯ ಒಳಗೆ ಹೋಗಿ. ಇಲ್ಲಿ ಗೈಡ್ ಬೇಕು. ಹೂವಿನ ಕೆತ್ತನೆಯ ಮೇಲೆ ಪುಟ್ಟ ಟಾರ್ಚ್ ಇಟ್ಟರೆ ಕೆಂಪು ಕಲ್ಲಿನ ಎಸಳು ಕೆಂಡದ ಹಾಗೆ ಹೊಳೆಯುತ್ತದೆ. ಎಡಬಲ ಇಷ್ಟು ಕಟ್ಟುನಿಟ್ಟಾಗಿ ಸರಿಸಮ ಇರುವ ಕಟ್ಟಡದಲ್ಲಿ ನಡುವಿಗೆ ಇರುವುದು ಮುಮ್ತಾಜ್ ಸಮಾಧಿ. ಪಕ್ಕಕ್ಕೆ ಸೇರಿಸಿದ ಶಹಜಹಾನನ ಸಮಾಧಿಯೊಂದೇ ಲೆಕ್ಕ ತಪ್ಪಿಸುತ್ತದೆ. ನಿಜವಾದ ಗೋರಿಗಳು ಕೆಳಗಿನ ಕೋಣೆಯಲ್ಲಿವೆ. ಒಳಗೆ ಫೋಟೋ ತೆಗೆಯುವಂತಿಲ್ಲ. ಗುಮ್ಮಟದಡಿ ದನಿ ತೇಲುವುದನ್ನು ಕೇಳಿದರೆ ನಮ್ಮ ವಿಜಯಪುರದ ಗೋಳಗುಮ್ಮಟ ನೆನಪಾಗುತ್ತದೆ, ಅಲ್ವಾ? ಎರಡೂ ಹೆಚ್ಚುಕಡಿಮೆ ಒಂದೇ ಕಾಲದವು.

ವಾಪಸ್ ಬರುವ ಮುನ್ನ

ಹೊರಗೆ ಬಂದು ಬಿಸಿ ಬೇಡಯೀ, ಆಲೂ ಪಲ್ಯ, ಜಿಲೇಬಿ ತಿನ್ನಿ. ಬೇಡಯೀ ಅಂದರೆ ಬೇಳೆ ತುಂಬಿದ ಪೂರಿ. ಆಮೇಲೆ ಆಗ್ರಾ ಕೋಟೆ. ಅಲ್ಲಿನ ಮುಸಮ್ಮನ್ ಬುರ್ಜ್ ಎಂಬ ಗೋಪುರ ತಪ್ಪಿಸಬೇಡಿ. ಮಗ ಔರಂಗಜೇಬ್ 1658ರಲ್ಲಿ ಸೆರೆಯಲ್ಲಿಟ್ಟ ಮೇಲೆ ಶಹಜಹಾನ್ ಕೊನೆಯುಸಿರೆಳೆದದ್ದು ಅಲ್ಲೇ, 1666ರಲ್ಲಿ. ಅಲ್ಲಿಂದ ಯಮುನೆಯ ತಿರುವಿನಾಚೆ ತಾಜ್ ಕಾಣುತ್ತದೆ.

ನೀವು ಕೋಟೆ ಸುತ್ತುವಾಗ ಡ್ರೈವರ್‌ಗೆ ಮಲಗಲು ಹೇಳಿ, ಫೋನ್ ಮಾಡಿ ಎಬ್ಬಿಸಬೇಡಿ. ಆತ ರಾತ್ರಿಯೆಲ್ಲ ಎದ್ದಿದ್ದವನು, ವಾಪಸ್ ಓಡಿಸಬೇಕಾದವನೂ ಅವನೇ. ಊರಿಗೆ ಆಗ್ರಾದ ಸಿಹಿತಿಂಡಿ ಪೇಠಾ ಒಯ್ಯುವುದಾದರೆ ಒಣ ಪೇಠಾ ತಗೊಳ್ಳಿ, ಪಾಕದ್ದು ಬ್ಯಾಗಿನಲ್ಲಿ ಸೋರುತ್ತದೆ. ಪೇಠಾ ಮಾಡುವುದೂ ನಮ್ಮ ಮದುವೆ ಮನೆಯ ಕಾಶಿ ಹಲ್ವಾದ ಬೂದುಗುಂಬಳದಿಂದಲೇ.